ಹೃದಯದ ಬಳಲಿಕೆ ಮತ್ತು ‘ಆರಯ್’ ಧಾತು

ಕನ್ನಡದ ಆಡುಮಾತಿನಲ್ಲಿ ‘ಹಾರ್ಟ್ ಫೇಲ್’ ಎಂಬುದು ಸಾವಿನ ಸುದ್ದಿ. ‘ಹಾರ್ಟ್ ಫೇಲಾಗಿ ಹೋಗಿಬಿಟ್ಟರು’ ಎಂದಮೇಲೆ ಕೇಳಲು ಏನೂ ಉಳಿಯುವುದಿಲ್ಲ; ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂಬುದನ್ನಷ್ಟೇ ವಿಚಾರಿಸುತ್ತಾರೆ. ಇಂಗ್ಲಿಷಿನಿಂದ ಬಂದ ಈ ಮಾತು ಕನ್ನಡದಲ್ಲಿ ನೆಲೆಗೊಳ್ಳುವಾಗ ಭಾಷಾಶಾಸ್ತ್ರದವರು ಅರ್ಥಸಂಕೋಚ ಎಂದು ಕರೆಯುವ ಕ್ರಿಯೆಗೆ ಒಳಗಾಗಿದೆ. ಮೂಲದಲ್ಲಿ ಅದು ವರ್ಷಗಟ್ಟಲೆ ಜೊತೆಗಿರಬಹುದಾದ ಒಂದು ಸ್ಥಿತಿಯ ಹೆಸರು. ಇಲ್ಲಿ ಒಂದು ಕ್ಷಣದ ಹೆಸರು. ಪತ್ರಿಕೆಗಳ ‘ಹೃದಯ ವೈಫಲ್ಯ’ವೂ ಈ ಗೊಂದಲವನ್ನು ಬಿಡಿಸಿಲ್ಲ. ಹೃದಯಾಘಾತ, ಹೃದಯಸ್ತಂಭನ, ಹೃದಯ ವೈಫಲ್ಯ ಎಂಬ ಮೂರು ಪದಗಳನ್ನು ಒಂದೇ ವರದಿಯೊಳಗೆ ಒಂದರ ಬದಲಿಗೆ ಇನ್ನೊಂದನ್ನು ಬಳಸುವುದು ಅಪರೂಪವೇನಲ್ಲ.

ಮೂರೂ ಬೇರೆ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಆಘಾತ. ಬಡಿತವೇ ನಿಂತರೆ ಸ್ತಂಭನ. ಹೃದಯ ಬಡಿಯುತ್ತಲೇ ಇದ್ದು, ದೇಹ ಬೇಡುವಷ್ಟು ರಕ್ತವನ್ನು ತಳ್ಳಲಾರದೆ ಹೋದರೆ, ಅಥವಾ ತಳ್ಳಲು ತನ್ನೊಳಗಿನ ಒತ್ತಡವನ್ನು ಅತಿಯಾಗಿ ಏರಿಸಿಕೊಳ್ಳಬೇಕಾಗಿ ಬಂದರೆ ಅದು ವೈಫಲ್ಯ. ಸ್ವಸ್ಥ ಹೃದಯದ ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದ ಸುಮಾರು ಶೇ. 50ರಿಂದ 70ರಷ್ಟನ್ನು ಹೊರದೂಡುತ್ತದೆ. ಕೆಲವು ರೋಗಿಗಳಲ್ಲಿ ಇದು ಶೇ. 40ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಇನ್ನು ಕೆಲವರಲ್ಲಿ ಈ ಪ್ರಮಾಣ ಸರಿಯಾಗಿದ್ದೂ ಹೃದಯದ ಗೋಡೆ ಬಿಗಿದುಕೊಂಡು, ರಕ್ತ ತುಂಬಿಕೊಳ್ಳುವುದಕ್ಕೇ ತೊಡಕಾಗುತ್ತದೆ. ಎರಡರಲ್ಲೂ ನೀರು ಹಿಂದೆ ನಿಲ್ಲುತ್ತದೆ: ಶ್ವಾಸಕೋಶದಲ್ಲಿ ನಿಂತರೆ ಏದುಸಿರು, ಕಾಲಿನಲ್ಲಿ ನಿಂತರೆ ಬಾವು.

ತಿಲಕ್ ನಗರದ ಒಂದು ಅಡ್ಡರಸ್ತೆಯಲ್ಲಿ ನೆಲೆಸಿರುವ, ಪದವಿ ಕಾಲೇಜಿನಲ್ಲಿ ಕನ್ನಡ ಬೋಧಿಸಿ ನಿವೃತ್ತರಾದ ಅಧ್ಯಾಪಕರೊಬ್ಬರಿಗೆ ಈ ಸ್ಥಿತಿ ಬಂದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಆ ಬಡಾವಣೆಯ ಸುತ್ತ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಭೈರಸಂದ್ರದ ಕಡೆ ಸಂಜಯ ಗಾಂಧಿ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಹೊಸೂರು ರಸ್ತೆಗೆ ಹೊರಳಿದರೆ ನಿಮ್ಹಾನ್ಸ್, ಕಿದ್ವಾಯಿ. ಖಾಸಗಿಯವು ಬೇರೆ. 2025ರ ಆಗಸ್ಟ್‌ನಲ್ಲಿ ತೆರೆದ ಮೆಟ್ರೋದ ಹಳದಿ ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ. ಆಸ್ಪತ್ರೆಗಳ ನಡುವೆಯೇ ಬದುಕುವವರಿಗೆ ಕಾಯಿಲೆಯ ಪರಿಚಯ ಹೆಚ್ಚಿರುತ್ತದೆಂದು ಭಾವಿಸುವುದು ಸಹಜ. ಹಾಗೇನೂ ಇಲ್ಲ. ಮೇಷ್ಟ್ರಿಗೆ ಮೂರು ವಾರ ಮುಂಚಿನಿಂದ ಒಂದು ದಿಂಬಿನ ಜಾಗಕ್ಕೆ ಎರಡು, ಎರಡರ ಜಾಗಕ್ಕೆ ಮೂರು ಬೇಕಾಗಿದ್ದವು. ರಾತ್ರಿಯ ಕೆಮ್ಮನ್ನು ಮನೆಯವರು ಶೀತವೆಂದರು, ಕಷಾಯ ಕಾಯಿಸಿದರು. ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ನಸುಕಿನಲ್ಲಿ ಮಲಗಲಾರದೆ ಎದ್ದು ಕಿಟಕಿಯ ಸರಳು ಹಿಡಿದು ನಿಂತಾಗ ಆಟೋ ಕರೆಸಬೇಕಾಯಿತು.

ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ‘ಹಾರ್ಟ್ ಫೇಲ್ಯೂರ್ ಇದೆಯಮ್ಮ’ ಎಂದಾಗ ಅಧ್ಯಾಪಕರ ಪತ್ನಿ ಕೊಟ್ಟ ಉತ್ತರ ಸ್ಮರಣೀಯ: ‘ಏನ್ ಹೇಳ್ತಿದೀರ ಡಾಕ್ಟ್ರೇ, ಇವರು ಇನ್ನೂ ಮಾತಾಡ್ತಾ ಇದಾರಲ್ಲ!’ ವೈದ್ಯರಿಗೆ ನಗು ಬಂದಿರಬಹುದು. ಆದರೆ ಆ ತಾಯಿ ಕನ್ನಡದ ಅರ್ಥದಲ್ಲಿ ಸರಿಯಾಗಿಯೇ ಮಾತಾಡಿದ್ದರು. ಮುಂದಿನ ದಿನಗಳಲ್ಲಿ ಮನೆಯಲ್ಲಿ ನಡೆದದ್ದೆಲ್ಲ ಆ ಅರ್ಥದ ಫಲ. ಹೃದಯ ‘ಫೇಲ್’ ಆಗಿರುವ ಮನುಷ್ಯ ಅಲುಗಾಡಬಾರದು. ನಾಲ್ಕನೆಯ ದಿನ, ನೀರು ಇಳಿದು ಉಸಿರು ಹದಕ್ಕೆ ಬಂದಮೇಲೆ, ಫಿಸಿಯೋಥೆರಪಿಯ ಯುವತಿ ಬಂದು ‘ಸಾರ್, ಕಾಲು ಕೆಳಗೆ ಬಿಟ್ಟು ಕುರ್ಚಿಯಲ್ಲಿ ಕೂತ್ಕೊಳ್ಳೋಣ’ ಎಂದಾಗ ಪತ್ನಿ ಮಂಚಕ್ಕೂ ಕುರ್ಚಿಗೂ ನಡುವೆ ನಿಂತುಬಿಟ್ಟರು. ‘ಬೇಡಮ್ಮ, ಇವರಿಗೆ ರೆಸ್ಟ್ ಬೇಕು.’ ಅಷ್ಟರಲ್ಲಿ ಮನೆಯಲ್ಲಿ ಸೊಸೆ ಮಾವನವರ ಮಂಚವನ್ನು ಮಹಡಿಯಿಂದ ಕೆಳಗಿನ ಹಜಾರಕ್ಕೆ ಇಳಿಸಿಯಾಗಿತ್ತು. ಪುಸ್ತಕಗಳು ಮಾತ್ರ ಮೇಲೆಯೇ ಉಳಿದವು. ಹದಿನೆಂಟು ಮೆಟ್ಟಿಲುಗಳ ಮೇಲೆ.

ಈ ನಿಲುವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಅದಕ್ಕೆ ದೀರ್ಘವಾದ ಶಾಸ್ತ್ರಪರಂಪರೆಯ ಬೆಂಬಲವಿದೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನ ವ್ಯಾಯಾಮವನ್ನು ಮುಕ್ತಕಂಠದಿಂದ ಹೊಗಳುತ್ತಲೇ ಅದು ಯಾರಿಗೆ ನಿಷಿದ್ಧ ಎಂಬುದನ್ನೂ ಹೇಳುತ್ತದೆ. ಆ ಪಟ್ಟಿಯಲ್ಲಿ ಕೃಶನಾದವನೂ ಶ್ವಾಸ, ಕಾಸಗಳಿಂದ ಬಳಲುವವನೂ ಇದ್ದಾರೆ. ಏದುಸಿರಿನವನಿಗೆ ವ್ಯಾಯಾಮ ಬೇಡವೆಂಬ ಮನೆಮಾತಿನ ಮೂಲ ಇಂಥಲ್ಲಿ ಸಿಗುತ್ತದೆ. ಅದೇ ಪರಂಪರೆಯ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇನ್ನೊಂದು ಸೂತ್ರವಿದೆ: ಬಲಶಾಲಿಯಾದವನೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ಬಳಸಬೇಕು. ಈ ಅರ್ಧಶಕ್ತಿಯನ್ನು ಗುರುತಿಸಲು ಹಿಂದಿನವರು ಕೊಟ್ಟ ಲಕ್ಷಣಗಳಲ್ಲಿ ಹಣೆಯ ಬೆವರು, ಬಾಯಿಗೆ ಬರುವ ಉಸಿರು ಸೇರಿವೆ. ಇಂದಿನ ಫಿಸಿಯೋಥೆರಪಿಯವರು ರೋಗಿಯನ್ನು ನಡೆಸುವಾಗ ಮಾತಾಡಿಸುತ್ತಲೇ ಇರುತ್ತಾರೆ. ಪೂರ್ಣವಾಕ್ಯ ಆಡಲು ಸಾಧ್ಯವಾಗುವವರೆಗೆ ನಡಿಗೆ ಹದದಲ್ಲಿದೆ, ವಾಕ್ಯ ತುಂಡಾದರೆ ನಿಲ್ಲಿಸಬೇಕು. ಎರಡರ ನಡುವೆ ಸಾಮ್ಯವಿದೆ. ಇದನ್ನು ಹಿಡಿದು ‘ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎನ್ನುವ ಚಾಳಿ ಮಾತ್ರ ವಿದ್ವತ್ತಿಗೆ ಶೋಭೆಯಲ್ಲ. ವಾಗ್ಭಟ ಹೇಳಿದ್ದು ಆರೋಗ್ಯವಂತನಿಗೆ. ರೋಗಿಯ ವಿಷಯದಲ್ಲಿ ಪ್ರಾಚೀನರು ನಿಷೇಧದ ಕಡೆಗೇ ಇದ್ದರು.

ಕರ್ನಾಟಕದ ವೈದ್ಯಗ್ರಂಥಗಳ ಒತ್ತು ಬೇರೆಡೆ ಇದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ವಾಗಲಿ, ಪೂಜ್ಯಪಾದರ ಕೃತಿಯನ್ನು ಅನುಸರಿಸಿ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಿಸಿದ ‘ಕರ್ಣಾಟಕ ಕಲ್ಯಾಣಕಾರಕ’ವಾಗಲಿ, ಔಷಧದಷ್ಟೇ ಗಂಭೀರವಾಗಿ ಆಹಾರದ ಹಿತಾಹಿತವನ್ನು ಚರ್ಚಿಸುತ್ತವೆ. ಮದ್ಯ, ಮಾಂಸಗಳನ್ನು ಬಿಟ್ಟ ಚಿಕಿತ್ಸೆ ಇವುಗಳ ವೈಶಿಷ್ಟ್ಯವೆಂಬುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಅಷ್ಟು ಗಮನಕ್ಕೆ ಬಾರದ ಸಂಗತಿಯೆಂದರೆ, ಹಿತಾಹಿತದ ವಿಚಾರ ರೋಗಿಯನ್ನು ಚಿಕಿತ್ಸೆಯ ಪಾಲುದಾರನನ್ನಾಗಿ ಮಾಡುತ್ತದೆ ಎಂಬುದು. ಮದ್ದನ್ನು ವೈದ್ಯ ಕೊಡಬಹುದು. ಪಥ್ಯವನ್ನು ರೋಗಿಯೇ ಮಾಡಬೇಕು. ಪಥದಿಂದ ದೂರ ಸರಿಯದ, ಮನಸ್ಸಿಗೂ ಒಪ್ಪುವ ಆಹಾರವೇ ಪಥ್ಯ ಎನ್ನುವ ಚರಕಸಂಹಿತೆಯ ನಿರ್ವಚನದಲ್ಲಿ ಆ ‘ಮನಸ್ಸಿಗೂ’ ಎಂಬುದನ್ನು ಆಸ್ಪತ್ರೆಯ ಆಹಾರಪಟ್ಟಿ ಬರೆಯುವವರು ಒಮ್ಮೆ ಗಮನಿಸಿದರೆ ಒಳ್ಳೆಯದು.

ಪಶ್ಚಿಮದಲ್ಲೂ ಮಂಚವೇ ಮದ್ದಾಗಿದ್ದ ಕಾಲ ಬಹಳ ದೀರ್ಘ. ಬಾವಿನ ಕಾಯಿಲೆಗೆ ಡಿಜಿಟಾಲಿಸ್ ಗಿಡದ ಎಲೆ ಬಳಸಿದ ಅನುಭವವನ್ನು ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆಮೇಲೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹೃದ್ರೋಗಿಗೆ ವಾರಗಟ್ಟಲೆ ಮಲಗಿರುವುದೇ ಮುಖ್ಯ ಚಿಕಿತ್ಸೆಯಾಗಿತ್ತು. 1944ರಲ್ಲಿ ಬಾಸ್ಟನ್ನಿನ ಸ್ಯಾಮುಯೆಲ್ ಲೆವಿನ್ ಹೃದ್ರೋಗದಲ್ಲಿ ಮಲಗಿಸುವುದರಿಂದ ಆಗುವ ಹಾನಿಗಳ ಬಗ್ಗೆ ಲೇಖನ ಬರೆದರು. ಮಲಗಿದಾಗ ಕಾಲಿನ ನೀರು ಎದೆಯ ಕಡೆಗೆ ಹರಿದು ಶ್ವಾಸಕೋಶವನ್ನು ತುಂಬುತ್ತದೆ. ಕುಳಿತರೆ ಆ ಹೊರೆ ಇಳಿಯುತ್ತದೆ. 1952ರಲ್ಲಿ ಅವರು ಬರ್ನಾರ್ಡ್ ಲೌನ್ ಅವರೊಡಗೂಡಿ, ಹೃದಯಾಘಾತವಾದವರನ್ನು ತೋಳುಕುರ್ಚಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. ಕೇವಲ ಕುರ್ಚಿ. ಅದಕ್ಕೆ ಎದುರಾದ ವಿರೋಧವನ್ನು ಲೌನ್ ತಮ್ಮ ಮುಪ್ಪಿನಲ್ಲೂ ಮರೆಯಲಿಲ್ಲ. ತಿಲಕ್ ನಗರದ ಆ ತಾಯಿ ಕುರ್ಚಿಗೆ ಅಡ್ಡ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಎಪ್ಪತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ಪ್ರಾಧ್ಯಾಪಕರು ನಿಂತ ಜಾಗದಲ್ಲೇ ಆಕೆಯೂ ನಿಂತಿದ್ದರೆಂದು ತಿಳಿಯುತ್ತದೆ.

ಮಂಚ ದೇಹಕ್ಕೆ ಏನು ಮಾಡುತ್ತದೆ ಎಂಬುದಕ್ಕೆ 1966ರ ಡಲ್ಲಾಸ್ ಪ್ರಯೋಗಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಇಪ್ಪತ್ತರ ಆಸುಪಾಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿ, ಅವರು ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲರೆಂದು ಅಳೆದರು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ, ಮೂರು ದಶಕಗಳ ವಯಸ್ಸು ಅವರಿಂದ ಕಿತ್ತುಕೊಂಡದ್ದಕ್ಕಿಂತ ಅಂದಿನ ಮೂರು ವಾರಗಳ ಮಂಚ ಹೆಚ್ಚು ಕಿತ್ತುಕೊಂಡಿತ್ತೆಂದು ತಿಳಿಯಿತು. ಇಪ್ಪತ್ತರ ಯುವಕರ ಪಾಡೇ ಹೀಗಾದರೆ, ಸೊರಗಿದ ತೊಡೆಗಳ ಅರವತ್ತೆಂಟರ ಅಧ್ಯಾಪಕರ ಪಾಡೇನು? ಹೃದಯ ವೈಫಲ್ಯದ ರೋಗಿ ಮನೆಗೆ ಮರಳಿದಾಗ ಅನುಭವಿಸುವ ನಿಶ್ಶಕ್ತಿಯಲ್ಲಿ ಹೃದಯದ ಪಾಲೆಷ್ಟೋ, ಕೆಲಸವಿಲ್ಲದೆ ಕರಗಿದ ಕಾಲಿನ ಸ್ನಾಯುಗಳ ಪಾಲೂ ಗಣನೀಯ.

ಸ್ಥಿರವಾಗಿರುವ ಹೃದಯ ವೈಫಲ್ಯದ ರೋಗಿಗಳಿಗೆ ವ್ಯಾಯಾಮ ಅಪಾಯವಲ್ಲವೆಂಬುದು 2331 ಮಂದಿಯನ್ನೊಳಗೊಂಡು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಖಚಿತವಾಗಿತ್ತು. ಉಲ್ಬಣಗೊಂಡು ಆಸ್ಪತ್ರೆ ಸೇರಿದ ವೃದ್ಧರ ಕಥೆ ಬೇರೆ. ಅವರಿಗೆ ಎದ್ದು ನಿಲ್ಲುವುದೇ ಸಾಹಸ. ಅಂಥ ಅರವತ್ತು ದಾಟಿದ 349 ಮಂದಿಯ ಅಮೆರಿಕದ ಅಧ್ಯಯನವೊಂದು 2021ರಲ್ಲಿ ಹೊರಬಂತು. ಅದರ ಕ್ರಮ ಗಮನಾರ್ಹ. ಸಾಧ್ಯವಾದವರಿಗೆ ಆಸ್ಪತ್ರೆಯಲ್ಲಿದ್ದಾಗಲೇ ಆರಂಭ. ಬಳಿಕ ಹನ್ನೆರಡು ವಾರ, ವಾರಕ್ಕೆ ಮೂರು ಸಲ. ನಡಿಗೆಗೆ ಮೊದಲೇ ಜೋರು ಕೊಡಲಿಲ್ಲ. ಕೈಯೂರದೆ ಕುರ್ಚಿಯಿಂದ ಏಳುವ ಬಲ, ಪಾದ ಜೋಡಿಸಿ ನಿಲ್ಲುವ ಸಮತೋಲ, ತಿರುಗುವ, ದಾಟುವ ಚಲನೆ, ಇವುಗಳ ಜೊತೆಯಲ್ಲಿ ನಿಧಾನವಾಗಿ ಹೆಚ್ಚಿಸಿದ ದಮ್ಮು. ಮೂರು ತಿಂಗಳ ಕೊನೆಗೆ, ಹನ್ನೆರಡು ಅಂಕಗಳ ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ ವ್ಯಾಯಾಮದ ಗುಂಪಿಗೆ ಸರಾಸರಿ 8.3, ಮಾಮೂಲು ಆರೈಕೆಯ ಗುಂಪಿಗೆ 6.9. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರುವ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯ ಮಾತನ್ನು ಮರೆಮಾಚಬಾರದು. ವ್ಯಾಯಾಮ ಆಯುಷ್ಯವನ್ನು ಹೆಚ್ಚಿಸುತ್ತದೆಂಬ ಆಶ್ವಾಸನೆ ಅಲ್ಲಿಲ್ಲ. ಮೂರನೆಯವರ ಕೈಹಿಡಿಯದೆ ಬಚ್ಚಲಿಗೆ ಹೋಗಿಬರಬಹುದೆಂಬ ಭರವಸೆ ಇದೆ. ವೃದ್ಧಾಪ್ಯದಲ್ಲಿ ಎರಡನೆಯದರ ಬೆಲೆ ಏನೆಂಬುದನ್ನು ಹಾಸಿಗೆ ಹಿಡಿದ ಹಿರಿಯರಿರುವ ಯಾವ ಮನೆಯವರನ್ನಾದರೂ ಕೇಳಬಹುದು.

ಭಾರತದ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೀವ್ರ. ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1205 ರೋಗಿಗಳ ನೋಂದಣಿಯ ಪ್ರಕಾರ ಅವರ ಸರಾಸರಿ ವಯಸ್ಸು ಸುಮಾರು 61. ಪಶ್ಚಿಮದ ರೋಗಿ ಮೊಮ್ಮಕ್ಕಳ ಮದುವೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ, ಇಲ್ಲಿಯವನು ಮಗಳ ಮದುವೆಯ ಸಾಲ ತೀರುವ ಮುನ್ನವೇ ಹಿಡಿಯುತ್ತಾನೆ.

ಮೇಷ್ಟ್ರು ಕಡೆಗೂ ಕುರ್ಚಿಗೆ ಬಂದರು. ಪತ್ನಿಯ ಮನಸ್ಸು ತಿರುಗಿದ್ದು ವಾದದಿಂದಲ್ಲ. ‘ಅಮ್ಮ, ಇವರು ಹೀಗೇ ಮಲಗಿದ್ರೆ ಮನೇಲಿ ಎತ್ತೋರು ನೀವೇ ಅಲ್ವಾ’ ಎಂಬ ಆ ಯುವತಿಯ ಒಂದೇ ಮಾತು ಸಾಕಾಯಿತು. ಮೊದಲ ದಿನ ಕುರ್ಚಿಯಲ್ಲಿ ಹತ್ತು ನಿಮಿಷ, ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು. ಮರುದಿನ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಮೂರನೆಯದಕ್ಕೇ ತೊಡೆ ನಡುಗಿತು. ಆಮೇಲೆ ವಾರ್ಡಿನ ಕಾರಿಡಾರಿನಲ್ಲಿ ನಡಿಗೆ, ಪಕ್ಕದಲ್ಲಿ ಒಬ್ಬರು, ನಡುವೆ ಒಂದು ಕುರ್ಚಿ. ಕುಳಿತಲ್ಲೇ ಏದುಸಿರಿದ್ದರೆ, ನಾಡಿ ಅಂಕೆಯಲ್ಲಿಲ್ಲದಿದ್ದರೆ, ರಕ್ತದೊತ್ತಡ ಕುಸಿದಿದ್ದರೆ ಇದಾವುದೂ ಇಲ್ಲ. ಎದೆನೋವು, ತಲೆಸುತ್ತು ಬಂದ ಕೂಡಲೇ ನಿಲ್ಲಿಸಬೇಕು. ವೈದ್ಯರ ಅನುಮತಿಯಿಲ್ಲದೆ ಮನೆಯಲ್ಲಿ ಸ್ವಂತ ಧೈರ್ಯದಿಂದ ಆರಂಭಿಸುವ ಕೆಲಸ ಇದಲ್ಲ.

ಬಿಡುಗಡೆಯ ದಿನ ಕೈಗೆ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಅದು ಇಡೀ ನಗರದ ಪದ್ಧತಿ. ಸೊಸೆಗೆ ಅನುಕೂಲವಾಗಲೆಂದು ಅಧ್ಯಾಪಕರು ಅದನ್ನು ನೋಟುಪುಸ್ತಕವೊಂದಕ್ಕೆ ಕನ್ನಡದಲ್ಲಿ ಇಳಿಸತೊಡಗಿದರು. ವೃತ್ತಿಯ ಚಟ. ಮೊದಲ ಸಾಲಿನಲ್ಲೇ ಲೇಖನಿ ನಿಂತಿತು. ‘ಹೃದಯ ವೈಫಲ್ಯ’ ಎಂದು ಬರೆದು ಹೊಡೆದುಹಾಕಿದರು. ‘ಹೃದಯ ದೌರ್ಬಲ್ಯ’ ಎಂದರೆ ಹೇಡಿತನದ ಧ್ವನಿ ಬರುತ್ತದೆಂದು ಅದನ್ನೂ ಹೊಡೆದರು. ‘ಹೃದಯದ ಬಳಲಿಕೆ’ ಎಂದು ಬರೆದು ಮುಂದೆ ಸಾಗಿದರು. ಬಳಲಿದವನು ಸತ್ತವನಲ್ಲ, ಸೋತವನೂ ಅಲ್ಲ, ಸುಧಾರಿಸಿಕೊಂಡು ನಡೆಯಬಲ್ಲ. ವೈದ್ಯಕೀಯ ಪರಿಭಾಷೆಯಾಗಿ ಇದು ನಿಲ್ಲುತ್ತದೋ ಇಲ್ಲವೋ, ಮನೆಯೊಳಗೆ ನಿಂತಿತು.

ಎರಡನೆಯ ತೊಡಕು ಸ್ವ-ಆರೈಕೆ ಎಂಬ ಪದದ್ದು. ಕನ್ನಡದಲ್ಲಿ ಆರೈಕೆಯೆಂದರೆ ಇನ್ನೊಬ್ಬರು ಮಾಡುವುದು: ಬಾಣಂತಿಗೆ ತಾಯಿ, ಮುದುಕರಿಗೆ ಸೊಸೆ. ತನ್ನನ್ನು ತಾನು ಆರೈಕೆ ಮಾಡಿಕೊಳ್ಳುವವನು ಸ್ವಾರ್ಥಿಯಂತೆ ಕೇಳಿಸುತ್ತಾನೆ. ಆದರೆ ಪದದ ಬೇರಿಗೆ ಇಳಿದರೆ ಚಿತ್ರ ಬದಲಾಗುತ್ತದೆ. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ಪರಿಶೀಲಿಸು, ವಿಚಾರಿಸು, ನೋಡಿಕೊಳ್ಳು ಎಂಬ ಅರ್ಥಗಳಿವೆ. ತಮಿಳಿನ ‘ಆರಾಯ್’ ಇಂದಿಗೂ ಸಂಶೋಧನೆಯ ಪದ. ಆರೈಕೆಯ ಮೂಲದಲ್ಲಿರುವುದು ಎಚ್ಚರದ ನೋಟ. ಹೃದಯದ ಬಳಲಿಕೆಯಲ್ಲಿ ರೋಗಿಯಿಂದ ನಿರೀಕ್ಷಿಸುವುದೂ ಅಕ್ಷರಶಃ ಇದನ್ನೇ. ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ತಿಂಡಿಗೆ ಮುನ್ನ, ಒಂದೇ ತಕ್ಕಡಿಯಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಉಡುಪಿನಲ್ಲಿ ತೂಕ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಉಳಿಯುತ್ತದೆಯೇ ಎಂಬ ಪರೀಕ್ಷೆ. ರಾತ್ರಿ ಬೇಕಾದ ದಿಂಬುಗಳ ಎಣಿಕೆ. ಪಂಚೆ ಸರಿಪಡಿಸಲು ಬಗ್ಗಿದಾಗ ಉಸಿರು ಕಟ್ಟಿತೇ ಎಂಬ ವಿಚಾರಣೆ. ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ಆಸ್ಪತ್ರೆಗೆ ಫೋನು. ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸಿ ರೂಢಿಯಿದ್ದ ಅಧ್ಯಾಪಕರಿಗೆ ಈ ಕೆಲಸ ಒಗ್ಗಿತು. ಔಷಧ ನುಂಗುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಅವರು ಅಂಕಿಗಳನ್ನು ಬರೆದಿಟ್ಟರು ಎಂಬ ಸೊಸೆಯ ದೂರಿನಲ್ಲಿ ಸತ್ಯವಿಲ್ಲದಿಲ್ಲ.

ಉಪ್ಪಿನ ವಿಷಯ ಇನ್ನೂ ಕಠಿನ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಸಾರಿಗೆ ಉಪ್ಪು ತಗ್ಗಿಸಿದ ಮನೆಯಲ್ಲೂ ಉಪ್ಪಿನಕಾಯಿ, ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ ಎಲೆಯ ತುದಿಯಲ್ಲಿ ಕುಳಿತೇ ಇರುತ್ತವೆ. ಹಪ್ಪಳದ ಹಿಟ್ಟಿಗೆ ಹಾಕುವ ಖಾರವೂ ಸೋಡಿಯಂನದೇ ಲವಣ. ಸೋಡಿಯಂ ಕಡಿಮೆಯಿರುವ ಪೊಟ್ಟಣದ ಉಪ್ಪು ಇದಕ್ಕೆ ಪರಿಹಾರವೆಂದು ತೋರಬಹುದು. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಈ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆಗಳಲ್ಲಿ ಹಲವು ದೇಹದಲ್ಲಿ ನೀರನ್ನು ಹಿಡಿದಿಡುತ್ತವೆ.

ಬಂಧುಗಳ ಮದುವೆಯೊಂದರಲ್ಲಿ ಎರಡು ದಿನ ಛತ್ರದ ಊಟ ಮಾಡಿ ಬಂದಾಗ ನೋಟುಪುಸ್ತಕದಲ್ಲಿ 61.2 ಇದ್ದದ್ದು ಮೂರನೆಯ ಬೆಳಿಗ್ಗೆಗೆ 63.8 ಆಗಿತ್ತು. ಉಸಿರಿಗೆ ಇನ್ನೂ ತೊಂದರೆಯಿರಲಿಲ್ಲ. ಹಿಂದೆ ಆಗಿದ್ದರೆ ಮೂರನೆಯ ದಿಂಬಿನವರೆಗೂ ಕಾಯುತ್ತಿದ್ದರು. ಈ ಸಲ ಪತ್ನಿಯೇ ಫೋನು ಮಾಡಿದರು; ವೈದ್ಯರು ಮೂರು ದಿನ ನೀರಿನ ಮಾತ್ರೆಯ ಪ್ರಮಾಣ ಏರಿಸಿದರು; ಐದನೆಯ ದಿನ ತೂಕ 61.5ಕ್ಕೆ ಇಳಿಯಿತು.

ಹೊರಗಿನ ನಡಿಗೆಗೆ ತಿಲಕ್ ನಗರ ಉದಾರಿಯಲ್ಲ. ಅಡ್ಡರಸ್ತೆಗಳು ಕಿರಿದು, ಪಾದಚಾರಿಗಳ ಜಾಗದಲ್ಲಿ ಬೈಕುಗಳು, ಎತ್ತಿಟ್ಟ ಚಪ್ಪಡಿಗಳು. ಅಧ್ಯಾಪಕರು ಆರೂವರೆಗೆ, ಗಾಡಿಗಳು ಇಳಿಯುವ ಮುನ್ನ, ಮೂರು ಮನೆಯಾಚೆಯ ತಿರುವಿನವರೆಗೆ ಹೋಗಿಬರುತ್ತಾರೆ. ಹಾದಿಯ ಮಧ್ಯೆ ಹೊಲಿಗೆಯಂಗಡಿಯ ಉರ್ದು ಮಾತಿನ ಯಜಮಾನರು ಒಂದು ಸ್ಟೂಲು ಹೊರಗಿಟ್ಟಿರುತ್ತಾರೆ. ಕಾರಣ ಕೇಳಿದವರಿಗೆ ‘ಮೇಷ್ಟ್ರು ಕೂರ್ತಾರೆ’ ಎನ್ನುತ್ತಾರೆ.

ಇದೇ ಬಳಲಿಕೆ ಆ ಪತ್ನಿಗೇ ಬಂದಿದ್ದರೆ ಕುರ್ಚಿಗೆ ಅಡ್ಡ ನಿಲ್ಲುವವರು ಇರುತ್ತಿದ್ದರೇ ಎಂಬುದು ಬೇರೆಯೇ ಪ್ರಶ್ನೆ. ಗೃಹಿಣಿಗೆ ಮಂಚವೂ ಸಿಗುವುದಿಲ್ಲ, ವ್ಯಾಯಾಮವೂ ಸಿಗುವುದಿಲ್ಲ. ‘ಮನೆಗೆಲಸವೇ ವ್ಯಾಯಾಮ’ ಎಂದು ತೀರ್ಪು ಕೊಟ್ಟು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಬಗ್ಗಿ ನೆಲ ಒರೆಸುವುದು, ನೀರಿನ ಕೊಡ ಎತ್ತುವುದು ಅರ್ಧಶಕ್ತಿಯ ಲೆಕ್ಕಕ್ಕೆ ಸಿಗುವ ಶ್ರಮವಲ್ಲ; ದಣಿವಾದಾಗ ನಿಲ್ಲಿಸುವ ಸ್ವಾತಂತ್ರ್ಯ ಅಲ್ಲಿಲ್ಲ. ಕನ್ನಡದಲ್ಲಿ ಡಾ. ಅನುಪಮಾ ನಿರಂಜನರು ಹೆಣ್ಣಿನ ದೇಹದ ಬಗ್ಗೆ ಸಂಕೋಚವಿಲ್ಲದೆ ಬರೆದು ಒಂದು ದಾರಿ ಹಾಕಿಕೊಟ್ಟರು. ಹೃದಯದ ಬಳಲಿಕೆಯನ್ನು ಕುರಿತು, ಅಡುಗೆಮನೆಯಲ್ಲಿ ನಿಂತು ಓದಬಹುದಾದ ಕನ್ನಡದಲ್ಲಿ, ಅಂಥ ಬರವಣಿಗೆ ಬೇಕಾಗಿದೆ.

ಮೂರನೆಯ ತಿಂಗಳಿನ ಕೊನೆಗೆ ಅಧ್ಯಾಪಕರು ಒಂಬತ್ತು ಮೆಟ್ಟಿಲು ಏರಿ, ಸೊಸೆ ತಿರುವಿನಲ್ಲಿ ಇರಿಸಿದ್ದ ಬೆತ್ತದ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಂಡು, ಉಳಿದ ಒಂಬತ್ತನ್ನೂ ಏರಿದರು. ಪುಸ್ತಕಗಳ ಮೇಲೆ ಧೂಳು ಕುಳಿತಿತ್ತು. ಕೆಳಗಿನಿಂದ ಪತ್ನಿ ‘ರೀ, ಏನಾದ್ರೂ ಮಾತಾಡಿ’ ಎಂದು ಕೂಗಿದರು. ಅವರು ಒಂದು ಪೂರ್ಣವಾಕ್ಯದಲ್ಲಿ ಒರೆಸುವ ಬಟ್ಟೆ ಕೇಳಿದರು.